ಹಸಿ-ಒಣ ಯಂತ್ರದ ಡಬ್ಬಿ ಪುರಾಣ

ಸ್ವಂತ ಕೈಯಿಂದ ಏನಾದರೊಂದು ಯಂತ್ರ ಮಾಡಿದವರಿಗೆಲ್ಲ ಒಂದು ಸತ್ಯ ಗೊತ್ತಿರುತ್ತದೆ. ಮರ್ಯಾದೆಗೆ ಅಂಜಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಯಂತ್ರ ಮಾಡುವುದು ದೊಡ್ಡ ಕೆಲಸವಲ್ಲ. ಅದನ್ನು ಹಾಕಿಡುವುದಕ್ಕೆ ಒಂದು ಡಬ್ಬಿ ಹೊಂದಿಸುವುದು ದೊಡ್ಡ ಕೆಲಸ. ಒಳಗಿನ ವಿದ್ಯೆ ಪುಸ್ತಕದಲ್ಲಿ ಸಿಗುತ್ತದೆ. ಯಾವ ತಂತಿಯನ್ನು ಎಲ್ಲಿ ಬೆಸೆಯಬೇಕು, ಯಾವ ಬಿಡಿಭಾಗ ಎಷ್ಟು ಬಿಸಿಯಾದರೆ ಸಾಯುತ್ತದೆ ಎಂದು ಬರೆದಿಟ್ಟ ಪುಣ್ಯಾತ್ಮರಿದ್ದಾರೆ. ಆದರೆ ಆ ಪುಣ್ಯಾತ್ಮರೆಲ್ಲ ಕೊನೆಯ ಪುಟಕ್ಕೆ ಬಂದಾಗ ‘ನಂತರ ಇದನ್ನು ಸೂಕ್ತವಾದ ಪೆಟ್ಟಿಗೆಯಲ್ಲಿ ಅಳವಡಿಸಿ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಸೂಕ್ತವಾದ ಪೆಟ್ಟಿಗೆ ಯಾವ ಊರಿನಲ್ಲಿ ಸಿಗುತ್ತದೆ ಎಂದು ಬರೆದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ನನ್ನ ಮಟ್ಟಿಗೆ ಅದು ನಮ್ಮ ಬಚ್ಚಲಮನೆಯಲ್ಲಿ ಸಿಗುತ್ತಿತ್ತು. ಸೋಪಿನ ಡಬ್ಬಿಯಷ್ಟು ಹಗುರವಾದ, ಅಗ್ಗವಾದ, ಕಾದ ಸೂಜಿಗೆ ಬೆಣ್ಣೆಯ ಹಾಗೆ ತೂತು ಬೀಳುವ ವಸ್ತು ಇನ್ನೊಂದಿಲ್ಲ. ನೀರಿನ ಟ್ಯಾಂಕು ತುಂಬಿದರೆ ಕೂಗುವ ಯಂತ್ರ, ಕರೆಂಟು ಬಂದರೆ ಕೂಗುವ ಯಂತ್ರ, ಹಾಲು ಉಕ್ಕಿದ ಮೇಲೆ ಕೂಗುವ ಯಂತ್ರ, ಎಲ್ಲಕ್ಕೂ ನಾನು ಸೋಪಿನ ಡಬ್ಬಿಯನ್ನೇ ಬಳಸಿದೆ. “ಈ ಮನ್ಯಾಗ ವಾಯರಿಗೆ ಮನಿ ಐತಿ, ಸೋಪಿಗೆ ಇಲ್ಲ ನೋಡ್ರಿ” ಎಂದು ನನ್ನ ಹೆಂಡತಿ ಗಿರಿಜಾ, ಕಲ್ಲಿನ ಮೇಲೆ ಕರಗಿ ಅಂಟಿಕೊಂಡ ಸೋಪನ್ನು ಉಗುರಿನಿಂದ ಕೆರೆಯುತ್ತ ಹೇಳುತ್ತಿದ್ದಳು.

ಆಗ ನಾನು ಬ್ಯಾಡಗಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಬಂದವರು ಅದನ್ನು ಅಂಗಿಯ ಜೇಬಿನಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ತಿರುಗುತ್ತಿದ್ದ ಕಾಲ. ಬ್ಯಾಡಗಿಯಲ್ಲಿ ಭೌತಶಾಸ್ತ್ರ ಕಲಿಸುವುದರಲ್ಲಿ ಒಂದು ವಿಶೇಷ ಕಷ್ಟವಿದೆ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದರೆ ನ್ಯೂಟನ್ನನ ಮೂರನೆಯ ನಿಯಮವನ್ನು ಪೂರ್ತಿ ಹೇಳಿ ಮುಗಿಸಲು ಆಗುವುದಿಲ್ಲ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎನ್ನುವಷ್ಟರಲ್ಲಿ ಮೊದಲ ಬೆಂಚು ಸೀನುತ್ತದೆ, ಅದಕ್ಕೆ ಕೊನೆಯ ಬೆಂಚು ಸೀನಿ ಉತ್ತರ ಕೊಡುತ್ತದೆ. ಪರವೂರಿನಿಂದ ವರ್ಗವಾಗಿ ಬಂದವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪಾಠ ಮಾಡುತ್ತಿದ್ದರು. ನಾನು ರಾಣೆಬೆನ್ನೂರಿನವನು, ಇದೇ ಗಾಳಿಯ ಅಂಚಿನಲ್ಲಿ ಬೆಳೆದವನು. ಹಾಗಾಗಿ ಸೀನುತ್ತ ಕೂರುವ ಬದಲು ಯೋಚನೆ ಮಾಡಿದೆ. ಊರಿಗೆ ಊರೇ ಮೆಣಸಿನಕಾಯಿಯ ಮೇಲೆ ನಿಂತಿದೆ, ಕಾಯಿ ಹಸಿಯೋ ಒಣಗಿದೆಯೋ ಎಂಬುದರ ಮೇಲೆ ಮನೆತನಗಳು ನಿಂತಿವೆ, ಅದನ್ನು ಅಳೆಯುವ ಯಂತ್ರ ಮಾತ್ರ ಒಬ್ಬರ ಬಳಿಯೂ ಇಲ್ಲ. ಮಾಡಿದೆ. ಎರಡು ಸೂಜಿ, ಒಂದು ಬ್ಯಾಟರಿ, ನಾಲ್ಕಾರು ಬಿಡಿಭಾಗ, ಹಳೆಯ ಟೇಪ್‌ರೆಕಾರ್ಡರಿನಿಂದ ಕಿತ್ತ ಒಂದು ಮುಳ್ಳಿನ ಮೀಟರು. ಸೂಜಿಯನ್ನು ಕಾಯಿಗೆ ಚುಚ್ಚಿದರೆ ಮುಳ್ಳು ಎದ್ದು ಹಸಿಯೋ ಒಣವೋ ಹೇಳುತ್ತಿತ್ತು. ಮೀಟರಿನ ಬಿಳಿಯ ಮುಖದ ಮೇಲೆ ಸ್ಕೆಚ್ ಪೆನ್ನಿನಿಂದ ಹಸಿಗೆ ನೀಲಿ, ಒಣಕ್ಕೆ ಕೆಂಪು ಬಣ್ಣ ನಾನೇ ಹಚ್ಚಿದ್ದೆ. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ನನ್ನ ಡಿಗ್ರಿ.

ಈ ಯಂತ್ರವನ್ನು ನಾನು ಮೊದಲು ತೋರಿಸಿದ್ದು ಮೋಟೆಬೆನ್ನೂರಿನ ನಮ್ಮ ಮಾವನವರಿಗೆ. ಅದರಲ್ಲಿ ಸ್ವಲ್ಪ ಸೊಕ್ಕೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಏಕೆಂದರೆ ಮಾವ ಚನ್ನಬಸಪ್ಪನವರೇ ಆ ಸುತ್ತಿನ ಹಸಿ-ಒಣ ಯಂತ್ರವಾಗಿದ್ದರು. ಕಣದಲ್ಲಿ ಕಾಯಿ ಒಣಹಾಕಿದ ರೈತ ಅದನ್ನು ರಾಶಿ ಮಾಡಿ ಚೀಲಕ್ಕೆ ತುಂಬುವ ಮೊದಲು ಅವರನ್ನು ಕರೆಯಲು ಬರುತ್ತಿದ್ದ. ಹಸಿ ಇದ್ದಾಗ ತುಂಬಿದರೆ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ, ಅತಿ ಒಣಗಿಸಿದರೆ ಕಾಯಿ ಮುರಿದು ಪುಡಿಯಾಗುತ್ತದೆ. ಮೇಲಿನ ಕಾಯಿಯನ್ನು ಯಾರು ಬೇಕಾದರೂ ನೋಡಿ ಹೇಳಬಹುದು. ರಾಶಿಯ ಹೊಟ್ಟೆಯೊಳಗೆ ಏನಿದೆ ಎಂದು ಹೇಳುವುದಕ್ಕೆ ಮಾವನ ಕೈ ಬೇಕಾಗಿತ್ತು. ಅವರು ಬಿಳಿಯ ನೆಹರು ಅಂಗಿಯ ತೋಳನ್ನು ಮಡಚದೆ ಹಾಗೆಯೇ ಕೈಯನ್ನು ಮೊಣಕೈವರೆಗೆ ರಾಶಿಯೊಳಗೆ ಇಳಿಸಿ, ಕಣ್ಣು ಮುಚ್ಚಿ, ಒಳಗೇ ಒಂದು ಹಿಡಿ ಹಿಚುಕಿ ನೋಡುತ್ತಿದ್ದರು. ಆಮೇಲೆ “ತುಂಬ್ರಿ” ಎನ್ನುತ್ತಿದ್ದರು, ಇಲ್ಲವೇ “ಇನ್ನ ಎರಡ ಬಿಸಲ ಕೊಡ್ರಿ” ಎನ್ನುತ್ತಿದ್ದರು. ಅಷ್ಟೇ. ಅದಕ್ಕೆ ಅವರು ತೆಗೆದುಕೊಳ್ಳುತ್ತಿದ್ದುದು ಒಂದು ಕಪ್ ಚಹಾ, ಜೊತೆಗೆ ಕಣದ ಮಧ್ಯದಲ್ಲಿ ಅವರಿಗಾಗಿ ಹಾಸಿದ ಕಂಬಳಿಯ ಮೇಲೆ ಕುಳಿತುಕೊಳ್ಳುವ ಗೌರವ. ಹಲಗೇರಿಯಿಂದ ಕಾಗಿನೆಲೆಯವರೆಗೆ ಜನ ಅವರನ್ನು ಸೈಕಲ್ಲಿನ ಮೇಲೆ, ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು.

ನನ್ನ ಯಂತ್ರವನ್ನು ನೋಡಿ ಅವರು ನಗಬಹುದು, ಇಲ್ಲವೇ ಸಿಟ್ಟಾಗಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೇವೆ ಎಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದರು: “ಅಳಿಯಂದ್ರ, ಇದು ಖರೇ ಹೇಳತೈತೇನ್ರಿ?”

“ನೂರಕ್ಕ ನೂರು ಖರೇ ಹೇಳತೈತ್ರಿ ಮಾವಾರ” ಎಂದೆ.

“ಹಂಗಾದ್ರ ಇದಕ್ಕೊಂದು ಛಲೋ ಡಬ್ಬಿ ಮಾಡ್ರಿ. ಹಿಂಗ ಬ್ಯಾಡ.”

ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಮದುವೆಯಾಗಿ ಎಂಟು ವರ್ಷದಲ್ಲಿ ಮಾವ ನನ್ನ ವಿದ್ಯೆಯನ್ನು ಒಪ್ಪಿಕೊಂಡದ್ದು ಅದೇ ಮೊದಲು. ಅವರು ಡಬ್ಬಿ ಎಂದದ್ದು ನನಗೆ ಸಂಪೂರ್ಣ ಅರ್ಥವಾಯಿತು ಎಂದುಕೊಂಡೆ. ಕಣವೆಂದರೆ ಧೂಳು, ಖಾರದ ಪುಡಿ, ಬಿಸಿಲು, ಕಲ್ಲು. ಸೂಕ್ಷ್ಮವಾದ ಯಂತ್ರಕ್ಕೆ ಭದ್ರವಾದ ರಕ್ಷಣೆ ಬೇಕು ಎನ್ನುತ್ತಿದ್ದಾರೆ. ಅನುಭವಸ್ಥರು! ಮರುದಿನವೇ ಬಚ್ಚಲಮನೆಗೆ ಹೋಗಿ ಹೊಸ ಗುಲಾಬಿ ಬಣ್ಣದ ಸೋಪಿನ ಡಬ್ಬಿಯನ್ನು ಎತ್ತಿಕೊಂಡೆ. ಮುಚ್ಚಳದಲ್ಲಿ ಮೀಟರಿಗೆ ಕಿಟಕಿ ಕೊರೆದು, ಖಾರ ಒಳಗೆ ನುಗ್ಗದಂತೆ ಸುತ್ತಲೂ ಮೇಣ ಮೆತ್ತಿದೆ. ಮಾವ ಅದನ್ನು ನೋಡಿದರು. “ಇದನ್ನ ಹಿಡಕೊಂಡು ಹ್ವಾದ್ರ ಚನ್ನಬಸಪ್ಪ ಜಳಕಕ್ಕ ಹೊಂಟಾನ ಅಂತಾರ್ರಿ” ಎಂದರು. “ಕಾಣಬಾರದ್ರಿ, ಹಂಗ ಮಾಡ್ರಿ.”

ಸೋಪಿನ ಡಬ್ಬಿ ಎಂದು ಕಾಣಬಾರದು ಎನ್ನುತ್ತಿದ್ದಾರೆ ಎಂದು ನಾನು ತಿಳಿದುಕೊಂಡೆ. ನ್ಯಾಯವೇ. ರಾಣೆಬೆನ್ನೂರಿನಲ್ಲಿ ನನಗೆ ಪರಿಚಯದ ಬಡಿಗೇರ ಒಬ್ಬರಿದ್ದರು. ಅವರಿಂದ ಸಾಗವಾನಿಯ ಪೆಟ್ಟಿಗೆ ಮಾಡಿಸಿದೆ. ಪಾಲಿಶ್ ಹಚ್ಚಿ ಕೊಟ್ಟಾಗ ಅದರಲ್ಲಿ ಮುಖ ಕಾಣುತ್ತಿತ್ತು. ತೂಕ ಮಾತ್ರ ರುಬ್ಬುವ ಗುಂಡಿನದು. ಮಾವ ಎರಡೂ ಕೈಯಲ್ಲಿ ಅದನ್ನು ಎತ್ತಿ, “ಇದರಾಗ ಲಿಂಗದೇವರನ್ನ ಇಡಬೋದ್ರಿ, ಭಾಳ ಛಂದ ಆಗೇತಿ” ಎಂದು ಹೊಗಳಿ ಕೆಳಗಿಟ್ಟರು. “ಸಣ್ಣದಾಗಬೇಕ್ರಿ. ಇದ್ದೂ ಇಲ್ಲದಂಗ ಇರಬೇಕು.”

ಸಣ್ಣದಾಗಬೇಕು, ಆದರೆ ಭದ್ರವಾಗಿಯೂ ಇರಬೇಕು ಎಂದರೆ ತಗಡೇ ಸೈ. ಹಾವೇರಿಯಲ್ಲಿ ಟ್ರಂಕು ಮಾಡುವ ಇಮಾಮಸಾಬರ ಅಂಗಡಿಗೆ ಹೋದೆ. ಬೀಗತನದ ಟ್ರಂಕು ಎಂದರೆ ಇಮಾಮಸಾಬರದೇ ಆಗಬೇಕು ಎಂದು ಹಟ ಹಿಡಿಯುವ ಮನೆಗಳು ಇದ್ದವು. ಅಂಗೈ ಅಗಲದ ಪೆಟ್ಟಿಗೆ ಬೇಕು ಎಂದಾಗ ಅವರು ಅಳತೆಯನ್ನು ಮೂರು ಸಲ ಕೇಳಿದರು. ಎರಡು ದಿನ ಬಿಟ್ಟು ಹೋದರೆ ಪೆಟ್ಟಿಗೆ ಸಿದ್ಧವಾಗಿತ್ತು. ಹಸಿರು ಬಣ್ಣ, ಮೇಲೆ ಎರಡು ಗುಲಾಬಿ ಹೂವು, ಎತ್ತಿಕೊಳ್ಳಲು ಒಂದು ಹಿಡಿಕೆ, ಬೀಗ ಹಾಕಲು ಕೊಂಡಿ. ಬೊಂಬೆಯ ಮದುವೆಗೆ ಕೊಡುವ ಟ್ರಂಕಿನ ಹಾಗಿತ್ತು.

“ಸಾಬರ, ಕೊಂಡಿ ಯಾಕ ಹಾಕೀರಿ? ನಾನು ಹೇಳಿರಲಿಲ್ಲಲ್ರಿ” ಎಂದೆ.

“ಕೊಂಡಿ ಇಲ್ಲದ ಪೆಟಗಿ ಪೆಟಗಿ ಏನ್ರಿ ಸರ? ನಾಳೆ ಯಾರರೆ ಇದನ್ನ ನೋಡಿ ಇಮಾಮಸಾಬ ಕೊಂಡಿ ಹಾಕೂದು ಮರತಾನ ಅಂದ್ರ ನಾ ಏನ ಹೇಳ್ಲಿ?”

ಅವರ ಹೆಸರಿನ ಪ್ರಶ್ನೆ ಬಂದ ಮೇಲೆ ಕೊಂಡಿಗೆ ಒಂದು ಪುಟ್ಟ ಬೀಗವನ್ನೂ ಕೊಂಡುಕೊಂಡೆ. ಮನೆಗೆ ಬಂದು ಯಂತ್ರವನ್ನು ಒಳಗೆ ಕೂರಿಸಿ ಮೊದಲು ಒಣಗಿದ ಕಾಯಿಗೆ ಚುಚ್ಚಿದೆ. ಹಸಿ ಎಂದಿತು. ಒಲೆಯ ಮುಂದಿನ ಕಟ್ಟಿಗೆಗೆ ಚುಚ್ಚಿದೆ, ಅದೂ ಹಸಿ. ಹಪ್ಪಳಕ್ಕೆ ಹಿಡಿದೆ, ಹಸಿ. ಪೆಟ್ಟಿಗೆಯೇ ತಗಡಿನದು, ಸೂಜಿಗಳು ತಗಡಿಗೆ ತಾಗಿ ಕರೆಂಟು ಅಲ್ಲಿಂದಲೇ ಹಾದುಹೋಗುತ್ತಿದೆ ಎಂಬುದು ಒಂಬತ್ತನೆಯ ತರಗತಿಯ ಮಕ್ಕಳಿಗೂ ಹೊಳೆಯುವಂಥದ್ದು. ಹದಿನಾಲ್ಕು ವರ್ಷ ಅದನ್ನೇ ಕಲಿಸಿದವನಿಗೆ ಹೊಳೆಯಲು ಒಂದು ರವಿವಾರ ಪೂರ್ತಿ ಬೇಕಾಯಿತು. ಒಳಗೆ ಸೈಕಲ್ ಟ್ಯೂಬಿನ ರಬ್ಬರು ಹೊದಿಸಿ ಸರಿ ಮಾಡಿ, ಬೀಗ ಹಾಕಿ, ಕೀಲಿಕೈಯನ್ನು ಜನಿವಾರದಂಥ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು, ಗಿರಿಜಾಳನ್ನೂ ಕರೆದುಕೊಂಡು ಮೋಟೆಬೆನ್ನೂರಿಗೆ ಹೋದೆ.

ಮಾವ ಹಸಿರು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಒಂದು ದಣಿವು ಬಂದು ಹೋಯಿತು. ನಾನು ಮಾತ್ರ ಬೀಗದ ಭದ್ರತೆಯನ್ನು ವಿವರಿಸುತ್ತಲೇ ಇದ್ದೆ. ಅಷ್ಟರಲ್ಲಿ ಅತ್ತೆ ಚಹಾ ತಂದರು. ಸ್ಟೀಲಿನ ಲೋಟ, ಒಲೆಯಿಂದ ಆಗ ತಾನೇ ಇಳಿಸಿದ ಚಹಾ. ನಾನು ಲೋಟವನ್ನು ಮುಟ್ಟಿ ಕೈ ಹಿಂದೆಗೆದು, ಕೊನೆಗೆ ಕರವಸ್ತ್ರದಿಂದ ಹಿಡಿದೆ. ಮಾವ ಐದೂ ಬೆರಳಿನಲ್ಲಿ ಲೋಟವನ್ನು ತಬ್ಬಿ ಹಿಡಿದು ಶಾಂತವಾಗಿ ಕೂತಿದ್ದರು. “ನೋಡ್ರಿ, ರೈತರ ಕೈ ಅಂದ್ರ ಹಿಂಗಿರಬೇಕು” ಎಂದು ನಾನು ಮೆಚ್ಚಿ ಹೇಳಿದೆ. ಅತ್ತೆ ಒಳಗೆ ಎದ್ದು ಹೋದರು. ಗಿರಿಜಾ ನನ್ನ ಮುಖವನ್ನೇ ನೋಡಿದಳು. ಅಂಥ ನೋಟ ನನಗೆ ಹೊಸದಲ್ಲ, ಆದರೆ ಅದರಲ್ಲಿ ಈ ಸಲ ಸಿಟ್ಟಿಗಿಂತ ಬೇರೆ ಏನೋ ಇತ್ತು.

ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದಳು: “ಅಪ್ಪನ ಬೆರಳಿಗೆ ಸುಡೂದು ಗೊತ್ತಾಗೂದಿಲ್ರಿ. ಸಕ್ಕರಿ ಕಾಯಿಲೆ ಬಂದು ಬೆರಳಿನ ಸ್ಪರ್ಶ ಹೋಗೇತಿ. ಒಂದ ವರ್ಷ ಆತು. ಅವ್ವಗಷ್ಟ ಗೊತ್ತಿತ್ತು, ಇವತ್ತ ಬಂದ ಕೂಡ್ಲೆ ನನಗ ಹೇಳಿದ್ಲು. ಹ್ವಾದ ತಿಂಗಳ ಅಪ್ಪ ತುಂಬ್ರಿ ಅಂದ ರಾಶಿ ಚೀಲದಾಗ ಬೂಷ್ಟು ಬಂತು. ಆ ರೈತ ಒಂದ ಮಾತೂ ಅನ್ನಲಿಲ್ಲ. ಅಪ್ಪ ಎರಡ ದಿನ ಸರಿಯಾಗಿ ಊಟ ಮಾಡಲಿಲ್ಲ.”

“ಹಂಗಾದ್ರ ಕೈ ಬರೂದಿಲ್ಲ ಅಂತ ಹೇಳಿಬಿಡಬೇಕಿತ್ತು” ಎಂದೆ.

“ಹೇಳಿದ್ರ ಕರಿಯೂದ ಬಿಡತಾರ. ಕರಿಯೂದ ಬಿಟ್ರ ಅಪ್ಪ ಏನ ಮಾಡಬೇಕು, ಕಟ್ಟೀ ಮ್ಯಾಲ ಕುಂತು ಬಸ್ಸು ಎಣಸಬೇಕೇನು? ನಿಮ್ಮ ಯಂತ್ರ ಬೇಕು ಅವರಿಗೆ. ಮಂದೀಗೆ ಕಾಣಬಾರದು, ಅಷ್ಟ. ಮೂರ ಸಲ ಹೇಳ್ಯಾರ. ನೀವು ಮೂರು ಸಲಾನೂ ದೊಡ್ಡ ದೊಡ್ಡ ಪೆಟಗಿ ತಂದೀರಿ.”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾನು ಇಷ್ಟು ದಿನ ಯಂತ್ರಕ್ಕೆ ಖಾರ ತಾಗದಂತೆ, ಪೆಟ್ಟು ಬೀಳದಂತೆ ಕಾಯುವ ಡಬ್ಬಿಯನ್ನು ಹುಡುಕುತ್ತಿದ್ದೆ. ಪೆಟ್ಟು ಬೀಳಬಾರದಾಗಿದ್ದದ್ದು ಯಂತ್ರಕ್ಕಲ್ಲ. ಆ ಮನುಷ್ಯ ಬಾಯಿಬಿಟ್ಟು ಹೇಳಲಾರದೆ, ಡಬ್ಬಿಯ ನೆಪದಲ್ಲಿ ನನ್ನ ಮುಂದೆ ಮೂರು ಸಲ ಕೈಚಾಚಿದ್ದರು. ನಾನು ಅದರ ಮೇಲೆ ಒಮ್ಮೆ ಸೋಪಿನ ಡಬ್ಬಿ ಇಟ್ಟೆ, ಒಮ್ಮೆ ದೇವರ ಪೆಟ್ಟಿಗೆ ಇಟ್ಟೆ, ಒಮ್ಮೆ ಗುಲಾಬಿ ಹೂವಿನ ಟ್ರಂಕು ಇಟ್ಟೆ.

ಡಬ್ಬಿಯ ಕೆಲಸವನ್ನು ಗಿರಿಜಾ ಕೈಗೆತ್ತಿಕೊಂಡಳು. ಮೊದಲು ನನ್ನ ಯಂತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಒಂದೊಂದಾಗಿ ಬೆರಳು ಮಾಡಿ ತೋರಿಸಿದಳು. “ಈ ಮುಳ್ಳಿಂದು ಬ್ಯಾಡ. ಕೈ ರಾಶಿಯೊಳಗ ಇರತೈತಿ, ಅಲ್ಲಿ ಯಾರು ನೋಡತಾರ?” ಮೀಟರು ಹೋಯಿತು, ನೀಲಿಯೂ ಹೋಯಿತು, ಕೆಂಪೂ ಹೋಯಿತು. “ಈ ಹೆಸರು ಯಾಕ?” ಹೆಸರು ಹೋಯಿತು, ಅದರ ಮುಂದಿನ ಡಿಗ್ರಿಯೂ ಹೋಯಿತು. ಮೀಟರಿನ ಬದಲಿಗೆ ಏನಾದರೂ ಬೇಕಲ್ಲ, ಹಾವೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಮಾಡುವವನ ಬಳಿ ಸತ್ತುಹೋದ ಮೊಬೈಲಿನೊಳಗಿನ ನಡುಗುವ ಮೋಟರು ಕೇಳಿದೆ. “ಮೊಬೈಲ್ ಬ್ಯಾಡ, ನಡಗೂದಷ್ಟ ಬೇಕೇನ್ರಿ?” ಎಂದು ಅವನು ಎರಡು ಸಲ ಕೇಳಿ ಕೊಟ್ಟ. ಕಾಯಿ ಹಸಿ ಇದ್ದರೆ ಅದು ನಡುಗಬೇಕು, ಒಣಗಿದ್ದರೆ ಸುಮ್ಮನಿರಬೇಕು. ಮಾವನ ಬೆರಳಿಗೆ ಸ್ಪರ್ಶವಿಲ್ಲದಿದ್ದರೂ ಮಣಿಕಟ್ಟಿಗೆ ಇತ್ತು. ಇಷ್ಟೆಲ್ಲ ತೆಗೆದ ಮೇಲೆ ನನ್ನ ಯಂತ್ರ ಬೆಂಕಿಪೊಟ್ಟಣದಷ್ಟಾಯಿತು.

ಅದಕ್ಕೆ ಅವಳು ಕೌದಿಯನ್ನು ಹೊಲಿದಳು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಸಾಲಾಗಿ ಸಣ್ಣ ಸಣ್ಣ ಹೊಲಿಗೆ ಹಾಕಿ ನಮ್ಮ ಕಡೆ ಹೊದಿಯಲು ಮಾಡುತ್ತಾರಲ್ಲ, ಅದೇ ಕೌದಿ, ಆದರೆ ನಾಲ್ಕು ಬೆರಳಿನ ಅಗಲದ್ದು. ಐದು ಪದರ. ಖಾರ ಒಳಗೆ ಹೋಗುತ್ತಿರಲಿಲ್ಲ, ಮೋಟರಿನ ಸದ್ದು ಹೊರಗೆ ಬರುತ್ತಿರಲಿಲ್ಲ, ಕೆಳಗೆ ಬಿದ್ದರೆ ಪೆಟ್ಟೂ ಆಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಮೂರು ಊರು ತಿರುಗಿ ನಾನು ಹುಡುಕಿದ್ದೆಲ್ಲ ಅವಳ ಹಳೆಯ ಇಳಕಲ್ ಸೀರೆಯಲ್ಲಿತ್ತು. ಆ ಪುಟ್ಟ ಕೌದಿಯನ್ನು ಮಾವನ ನೆಹರು ಅಂಗಿಯ ಬಲತೋಳಿನ ಪಟ್ಟಿಯ ಒಳಗೆ ಗುಂಡಿ ಹಾಕಿ ಕೂರಿಸಿದಳು. ಸೂಜಿಗಳ ಮೊನೆ ಮಾತ್ರ ಅಂಗೈ ಕಡೆಗೆ ಹೊರಗೆ. ಕೈ ಇಳಿಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಾವ ಅಂಗಿ ತೊಟ್ಟು, ಅಡಿಗೆ ಮನೆಯಲ್ಲಿ ಅತ್ತೆ ಹಿಡಿದ ಒದ್ದೆ ಅರಿವೆಯನ್ನು ಮುಟ್ಟಿದರು. ಮಣಿಕಟ್ಟು ನಡುಗಿತು. ಒಣಗಿದ ಕಾಯಿಯನ್ನು ಮುಟ್ಟಿದರು. ಸುಮ್ಮನಾಯಿತು. ಮತ್ತೆ ಒದ್ದೆ ಅರಿವೆ ಮುಟ್ಟಿದರು. ಹೀಗೆ ಏಳೆಂಟು ಸಲ ಮಾಡಿದರು. ಅವರ ಕಣ್ಣಲ್ಲಿ ನೀರಾಡಿತು. ಖಾರದ ಊರಿನಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. “ನಿಮ್ಮ ತಲಿ ಛಲೋ ಐತ್ರಿ ಅಳಿಯಂದ್ರ” ಎಂದರು ನನಗೆ. ಮಗಳ ತಲೆಯ ಮೇಲೆ ಕೈಯಿಟ್ಟರು. ಎಡಗೈ, ಬಲಗೈಯಲ್ಲಿ ಸೂಜಿ ಇತ್ತಲ್ಲ.

ಮುಂದಿನ ವಾರ ಕಾಗಿನೆಲೆಯ ಹತ್ತಿರ ನಿಂಗಪ್ಪ ಎಂಬವರ ಕಣಕ್ಕೆ ಕರೆ ಬಂತು. ನಾನೂ ಹೋದೆ, ಬ್ಯಾಟರಿ ಸತ್ತರೆ ಎಂಬ ಹೆದರಿಕೆ. ಹತ್ತು ಹನ್ನೆರಡು ಜನ ಸೇರಿದ್ದರು, ಖರೀದಿಗೆ ಬಂದಿದ್ದ ಬ್ಯಾಡಗಿಯ ವ್ಯಾಪಾರಿಯೊಬ್ಬರೂ ಇದ್ದರು. ಬೂಷ್ಟಿನ ಸುದ್ದಿ ಅಲ್ಲಿಗೂ ತಲುಪಿತ್ತು ಎಂಬುದು ಅವರು ಮಾವನನ್ನು ನೋಡುವ ರೀತಿಯಲ್ಲೇ ತಿಳಿಯುತ್ತಿತ್ತು. ಕಂಬಳಿ ಹಾಸಿದ್ದರು, ಆದರೆ ಈ ಸಲ ನಡುವೆ ಅಲ್ಲ, ಒಂದು ಅಂಚಿಗೆ. ಮಾವ ಅದನ್ನು ನೋಡಿಯೂ ನೋಡದವರ ಹಾಗೆ ರಾಶಿಯ ಮುಂದೆ ಕೂತು, ಕೈ ಒಳಗಿಳಿಸಿ ಕಣ್ಣು ಮುಚ್ಚಿದರು. ಬೆಸುಗೆ ಬಿಟ್ಟಿದ್ದರೆ? ಸೂಜಿ ಬಗ್ಗಿದ್ದರೆ? ಮಾವ ಕೈಯನ್ನು ಇನ್ನೂ ಸ್ವಲ್ಪ ಆಳಕ್ಕೆ ಇಳಿಸಿದರು, ಎಡಕ್ಕೆ ತಿರುಗಿಸಿದರು. ಆಮೇಲೆ ಕಣ್ಣು ತೆರೆದರು.

“ಇನ್ನ ಎರಡ ಬಿಸಲ ಬೇಕು ನಿಂಗಪ್ಪ. ಬಡಗಣ ಮಗ್ಗಲಿಗೆ ಹಸಿ ಐತಿ.”

“ಹೆಂಗ ಸಾಧ್ಯರಿ? ನಾ ಈಗ ನೋಡೇನಿ, ಗರಿಗರಿ ಐತಿ” ಎಂದು ವ್ಯಾಪಾರಿ ನಕ್ಕರು. ನಿಂಗಪ್ಪ ಸಲಿಕೆ ತಂದು ಬಡಗಣ ಮಗ್ಗುಲನ್ನು ಬುಡದವರೆಗೆ ತೋಡಿ ಒಂದು ಹಿಡಿ ಕಾಯಿ ತೆಗೆದರು. ತೊಟ್ಟಿನ ಹತ್ತಿರ ಮುರಿಯಹೋದರೆ ಮುರಿಯಲಿಲ್ಲ, ಬಾಗಿತು. ಯಾರೋ ಕಂಬಳಿಯನ್ನು ಎಳೆದು ನಡುವೆ ಹಾಸಿದರು, ಚಹಾಕ್ಕೆ ಹೇಳಿ ಕಳಿಸಿದರು. ನನಗೆ ಕುಣಿಯಬೇಕು ಅನ್ನಿಸಿತು. ನನ್ನ ಯಂತ್ರ! ಹನ್ನೆರಡು ಜನರ ಮುಂದೆ, ವ್ಯಾಪಾರಿಯನ್ನೇ ಸೋಲಿಸಿದ ಯಂತ್ರ! ಯಾರಿಗಾದರೂ ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು.

ಆಗಲೇ ಆ ವ್ಯಾಪಾರಿ ನನ್ನ ಕಡೆ ತಿರುಗಿದರು. ಹಸಿರು ಟ್ರಂಕನ್ನು ಹೊತ್ತು ಮೂರು ಊರು ತಿರುಗಿದ ನನ್ನ ಕೀರ್ತಿ ಆಗಲೇ ಹಬ್ಬಿತ್ತು. “ಸರ, ನೀವು ಹಸಿ-ಒಣ ನೋಡೂ ಯಂತ್ರ ಏನೋ ಮಾಡಾಕ ಹೋಗಿದ್ರಂತಲ್ರಿ. ಏನಾತ್ರಿ ಅದು?”

ಎಲ್ಲರೂ ನನ್ನನ್ನೇ ನೋಡಿದರು. ಮಾವನೂ ನೋಡಿದರು, ಚಹಾದ ಲೋಟವನ್ನು ಈ ಸಲ ಟಾವೆಲ್ಲಿನಿಂದ ಹಿಡಿದುಕೊಂಡಿದ್ದರು.

“ಅದು ಬರಲಿಲ್ರಿ” ಎಂದೆ. “ಹಪ್ಪಳಾನೂ ಹಸಿ ಅಂತಿತ್ತು.”

ಕಣ ಪೂರ್ತಿ ನಕ್ಕಿತು. ನಿಂಗಪ್ಪ ಕೆಮ್ಮುವಷ್ಟು ನಕ್ಕರು. “ಚನ್ನಬಸಪ್ಪನವರ ಕೈ ಮುಂದ ಯಂತ್ರ ನಿಲ್ತೈತೇನ್ರಿ ಸರ? ಓದಿದವರಿಗೆ ಇದು ತಿಳಿಯೂದಿಲ್ಲ” ಎಂದರು ವ್ಯಾಪಾರಿ. “ಎಲ್ಲಿ ನಿಲ್ತೈತ್ರಿ” ಎಂದು ನಾನೂ ತಲೆಯಾಡಿಸಿದೆ. ಅಷ್ಟಕ್ಕೆ ಮುಗಿದಿದ್ದರೆ ನನ್ನನ್ನು ನಾನು ತ್ಯಾಗಿ ಎಂದುಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಿದ್ದೆ. ಆದರೆ ಮಾವ ಚಹಾ ಒಂದು ಗುಟುಕು ಕುಡಿದು, ಬಲತೋಳಿನ ಪಟ್ಟಿಯನ್ನು ಎಡಗೈಯಿಂದ ಮೆಲ್ಲಗೆ ಸರಿಮಾಡಿಕೊಂಡು, ಸಭೆಗೆಲ್ಲ ಕೇಳುವಂತೆ, ನಿಜವಾದ ಕನಿಕರದಿಂದ ಹೇಳಿದರು:

“ನಗಬ್ಯಾಡ್ರೋ. ಭಾಳ ಕಷ್ಟಪಟ್ಟಾರ, ಪಾಪ.”